ರಸೆಲ್ ಬರೀ ಕೌಬಾಯ್ ಚಿತ್ರಕಾರರಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಪಶ್ಚಿಮ ಪ್ರಾಂತ್ಯದ ಕಲೆಯ ಕುರಿತು ಪ್ರಕಟವಾದ ಲೇಖನವು ಮೊಂಟಾನಾದ ಚಾರ್ಲ್ಸ್ ಎಂ. ರಸೆಲ್ (1864–1926) ಅವರನ್ನು ‘ಕೌಬಾಯ್ ಚಿತ್ರಕಾರ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದೆ. ಆ ಮಾತು ಸುಳ್ಳಲ್ಲವಾದರೂ ಅವರ ಶಿಲ್ಪಗಳನ್ನೂ ಮೂಲನಿವಾಸಿಗಳ ವಿಷಯದಲ್ಲಿ ಅವರು ತಳೆದ ನಿಲುವನ್ನೂ ಮರೆಮಾಡುತ್ತದೆ.

ಸೇಂಟ್ ಲೂಯಿಸ್‌ನ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ ರಸೆಲ್ 1880ರಲ್ಲಿ, ಹದಿನಾರನೆಯ ವಯಸ್ಸಿಗೇ ಮೊಂಟಾನಾ ಸೇರಿ, ದನ ಕಾಯುತ್ತಲೇ ಚಿತ್ರ ಬರೆಯುವುದನ್ನು ರೂಢಿಸಿಕೊಂಡವರು. 1886–87ರ ಭೀಕರ ಚಳಿಗಾಲದಲ್ಲಿ ದನಗಳ ಸ್ಥಿತಿ ಹೇಗಿದೆಯೆಂದು ಮಾಲೀಕರು ಕೇಳಿ ಬರೆದಾಗ, ಉತ್ತರವಾಗಿ ಹೋದದ್ದು ಅವರ ಒಂದು ಪುಟ್ಟ ಜಲವರ್ಣ ಚಿತ್ರ: ಹಿಮದ ನಡುವೆ ಎಲುಬಿನ ಹಂದರವಾಗಿ ನಿಂತ ಒಂಟಿ ದನ, ಅದು ಕುಸಿಯುವುದನ್ನೇ ಕಾಯುತ್ತಿರುವ ತೋಳಗಳು. ರಸೆಲ್ ಹೆಸರು ಸುತ್ತಲಿನ ಊರುಗಳಿಗೆ ಹರಡಿದ್ದು ಈ ಚಿತ್ರದಿಂದ.

ಅವರ ಜೇಬಿನಲ್ಲಿ ಸದಾ ಜೇನುಮೇಣದ ಉಂಡೆಯೊಂದು ಇರುತ್ತಿತ್ತು. ಗೆಳೆಯರೊಡನೆ ಹರಟುತ್ತಿರುವಾಗಲೇ ಬೆರಳುಗಳು ಅದರಲ್ಲಿ ಕುದುರೆಯನ್ನೋ ಕರಡಿಯನ್ನೋ ಮೂಡಿಸುತ್ತಿದ್ದವು. 1904ರಿಂದ ಇಂಥ ಮಾದರಿಗಳು ಕಂಚಿನಲ್ಲಿ ಎರಕಗೊಳ್ಳತೊಡಗಿದವು. ವರ್ಣಚಿತ್ರಕ್ಕೆ ಕೈಹಾಕುವ ಮುನ್ನ ಮೇಣದ ಆಕೃತಿಗಳನ್ನು ಮಾಡಿಟ್ಟು ನೆರಳು ಬೆಳಕು ಹೇಗೆ ಬೀಳುತ್ತದೆಂದು ನೋಡುವುದೂ ಅವರಲ್ಲಿತ್ತು. ಮೈ ತಿರುಚಿ ನೆಗೆಯುವ ಅವರ ಕುದುರೆಗಳಿಗೆ ಕ್ಯಾನ್ವಾಸಿನ ಮೇಲೂ ಅಷ್ಟು ತೂಕವಿರುವುದು ಇದರಿಂದ ಎಂದೇ ನನ್ನ ಅಭಿಪ್ರಾಯ. (ಕೃತಿಗಳಿಗೆ ಬೆಲೆ ಕಟ್ಟುವ ಕೆಲಸವನ್ನು ಪತ್ನಿ ನ್ಯಾನ್ಸಿ ವಹಿಸಿಕೊಳ್ಳದಿದ್ದರೆ ಅವರು ಎಷ್ಟನ್ನು ಪುಕ್ಕಟೆ ಹಂಚಿಬಿಡುತ್ತಿದ್ದರೋ!)

ಮೊಂಟಾನಾದ ರಾಜಧಾನಿ ಹೆಲೆನಾದ ಶಾಸನಸಭೆಗಾಗಿ 1912ರಲ್ಲಿ ಬರೆದುಕೊಟ್ಟ, ಸುಮಾರು 25 ಅಡಿ ಅಗಲದ ಚಿತ್ರವನ್ನಂತೂ ಲೇಖನ ಪ್ರಸ್ತಾಪಿಸಲೇಬೇಕಿತ್ತು. ಲೂಯಿಸ್ ಮತ್ತು ಕ್ಲಾರ್ಕ್ ಅವರ ಅನ್ವೇಷಕ ತಂಡವು ಮೂಲನಿವಾಸಿಗಳಾದ ಸೇಲಿಶ್ ಜನರನ್ನು ಸಂಧಿಸಿದ ಪ್ರಸಂಗ ಅದು. ಸರ್ಕಾರಿ ಕಟ್ಟಡದ ಚಿತ್ರವೆಂದರೆ ಬಿಳಿಯ ನಾಯಕರು ನಟ್ಟನಡುವೆ ನಿಲ್ಲುವುದು ವಾಡಿಕೆ. ಇಲ್ಲಿ ಮುಂಭಾಗವನ್ನೆಲ್ಲ ಸೇಲಿಶ್ ಸವಾರರು ಆವರಿಸಿದ್ದಾರೆ, ಅನ್ವೇಷಕರು ಬಲಗಡೆ ಹಿಂದೆ ಸರಿದು ನಿಂತಿದ್ದಾರೆ. ಸಭಾಧ್ಯಕ್ಷರ ಪೀಠದ ಹಿಂದಿನ ಗೋಡೆಯಲ್ಲಿರುವುದರಿಂದ ಶಾಸಕರು ಇದನ್ನು ನೋಡದೆ ಕೂರುವಂತಿಲ್ಲ.

ಗತಕಾಲದ ಹುಲ್ಲುಗಾವಲಿನ ಬದುಕನ್ನು ರಸೆಲ್ ತುಸು ಹೆಚ್ಚೇ ಸುಂದರವಾಗಿಸಿದರೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ನೆಲೆಯಿಲ್ಲದೆ ಅಲೆಯುತ್ತಿದ್ದ ಕ್ರೀ ಮತ್ತು ಚಿಪ್ಪೆವಾ ಮೂಲನಿವಾಸಿಗಳಿಗೆ ಭೂಮಿ ಕೊಡಬೇಕೆಂದು ಗೆಳೆಯ ಫ್ರಾಂಕ್ ಲಿಂಡರ್‌ಮನ್ ಮೊದಲಾದವರೊಡನೆ ದನಿಯೆತ್ತಿದವರೂ ಅವರೇ. 1916ರಲ್ಲಿ ಆ ಜನರಿಗಾಗಿ ರಾಕಿ ಬಾಯ್ ಮೀಸಲು ಪ್ರದೇಶ ಸ್ಥಾಪನೆಯಾಯಿತು. ಮುಂದಿನ ಸಂಚಿಕೆಯಲ್ಲಿ ಹೆಲೆನಾದ ಆ ಚಿತ್ರವನ್ನು ಅಂಚು ಕತ್ತರಿಸದೆ, ಒಂದೆರಡು ಕಂಚಿನ ಶಿಲ್ಪಗಳ ಛಾಯಾಚಿತ್ರಗಳೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಚಿತ್ರಕಲಾ ಶಿಕ್ಷಕ, ಧಾರವಾಡ