ಅಪ್ಪೆಮಿಡಿ ಮರದಲ್ಲಿ ಒಂದು ಟೊಂಗೆಯಾದರೂ ಹಣ್ಣಾಗಲಿ

ಮಾನ್ಯ ಸಂಪಾದಕರೇ,

35 ವರ್ಷದಿಂದ ಅಪ್ಪೆಮಿಡಿಯ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಹಾಕುತ್ತಿದ್ದೇನೆ. ನಮ್ಮ ಮನೆಗೆ ಮಿಡಿ ಬರುತ್ತಿದ್ದದ್ದು ಅಘನಾಶಿನಿ ಹೊಳೆ ದಂಡೆಯ ಒಂದೇ ಮರದಿಂದ. ಯಾರೂ ನೆಟ್ಟ ಮರವಲ್ಲ. ತೊಟ್ಟು ಮುರಿದರೆ ಸೊನೆ ಚಿಮ್ಮಿ ಕೈಯೆಲ್ಲ ಜೀರಿಗೆ ವಾಸನೆ. ಎರಡು ಸಲ ತೊಳೆದರೂ ಊಟದ ಹೊತ್ತಿಗೆ ಪರಿಮಳ ಹಾಗೇ ಇರುತ್ತಿತ್ತು. ಅತ್ತೆ ಭರಣಿಯಲ್ಲಿ ಉಪ್ಪಿಗೆ ಹಾಕಿಟ್ಟ ಮಿಡಿ ಮೂರನೇ ವರ್ಷಕ್ಕೂ ಮೆತ್ತಗಾಗುತ್ತಿರಲಿಲ್ಲ.

ಈ ಸಲ ಹೋದಾಗ ಆ ಮರಕ್ಕೆ ಟೊಂಗೆಗಳೇ ಇರಲಿಲ್ಲ. ಮರ ಹತ್ತಿ ಕೊಯ್ಯುವ ತಾಳ್ಮೆ ಇಲ್ಲದೆ ಯಾರೋ ಟೊಂಗೆ ಸಮೇತ ಕಡಿದು, ನೆಲದಲ್ಲಿ ಕೂತು ಮಿಡಿ ಬಿಡಿಸಿಕೊಂಡು ಹೋಗಿದ್ದಾರೆ. ಬಾಡಿದ ಎಲೆಯ ರಾಶಿ ಅಲ್ಲೇ ಬಿದ್ದಿತ್ತು. ನೋಡಿ ಹೊಟ್ಟೆ ಉರಿಯಿತು. ಆಮೇಲೆ ಸುತ್ತ ಹುಡುಕಿದೆ. ಒಂದೇ ಒಂದು ಸಸಿಯೂ ಇಲ್ಲ. ಓಟೆ, ಅಂದರೆ ಒಳಗಿನ ಬೀಜ, ಬಲಿಯುವ ಮೊದಲೇ ಮಿಡಿ ಕೊಯ್ಯುತ್ತೇವೆ, ಹಣ್ಣಾಗಿ ಬಿದ್ದರೆ ತಾನೇ ಸಸಿ ಹುಟ್ಟೋದು? ಇದರಲ್ಲಿ ನನ್ನ ಪಾಲೂ ಇದೆ.

'ಕಸಿ ಗಿಡ ಸಿಗುತ್ತಲ್ವಾ?' ಎನ್ನುತ್ತಾರೆ. ಸಿಗುತ್ತದೆ, ನಮ್ಮ ತೋಟದಲ್ಲೂ ಮೂರಿವೆ. ಆದರೆ ಕಸಿ ಎಂದರೆ ಅದೇ ತಾಯಿಮರ ಮತ್ತೊಮ್ಮೆ. ಊರಿಗೆ ಊರೇ ಎರಡು ಮೂರು ತಳಿ ಮಾತ್ರ ನೆಟ್ಟರೆ, ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲೀತು. ಹೊಳೆ ದಂಡೆಯ ಮರಗಳು ಹಾಗಲ್ಲ. ನೊಣ, ಜೇನು ಬೇರೆ ಮರದ ಪರಾಗ ತರುತ್ತವೆ. ಹಾಗಾಗಿ ಓಟೆಯಿಂದ ಎದ್ದ ಗಿಡ ತಾಯಿಯ ಹಾಗೇ ಇರೋದಿಲ್ಲ. ಒಂದರ ಮಿಡಿ ಉದ್ದ, ಒಂದರದ್ದು ಗುಂಡಗೆ. ಒಂದಕ್ಕೆ ಜೀರಿಗೆ ವಾಸನೆ, ಒಂದಕ್ಕೆ ಕರ್ಪೂರದ್ದು. ಒಂದು ಬೇಗ ಹೂ ಬಿಟ್ಟರೆ ಇನ್ನೊಂದು ತಡ. ಮೋಡ ಕವಿದು ಮೊದಲಿನದರ ಹೂ ಕರಟಿದರೂ ಎರಡನೆಯದು ಉಳಿದುಕೊಳ್ಳುತ್ತದೆ.

ಭತ್ತದ ಹಾಗೆ ಬೀಜ ಕಟ್ಟಿಡಲೂ ಆಗೋದಿಲ್ಲ. ಓಟೆ ಒಣಗಿದರೆ ಕೆಲವೇ ವಾರದಲ್ಲಿ ಹುಟ್ಟುವ ಶಕ್ತಿ ಹೋಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಲವಾರು ಅಪ್ಪೆ ತಳಿಗಳನ್ನು ಬೆಳೆಸಿ ಕಾಪಾಡಿದ್ದಾರೆ, ದೊಡ್ಡ ಕೆಲಸ ಅದು. ಆದರೆ ಅಲ್ಲಿರೋದು ಆರಿಸಿ ತಂದ ಮರ. ಹೊಸದು ಹುಟ್ಟಬೇಕಾದ್ದು ಹೊಳೆ ದಂಡೆಯಲ್ಲೇ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯದ ದಾಖಲೆ ಪುಸ್ತಕವೂ ಆಗಬೇಕು. ಅದರಲ್ಲಿ ಸುಮ್ನೆ 'ಮಾವು' ಎಂದು ಒಂದು ಸಾಲು ಬರೆದರೆ ಸಾಲದು. ಒಂದೊಂದು ಮರವನ್ನೂ ಬರೆಯಲಿ: ಹೊಳೆಯ ಯಾವ ತಿರುವಿನಲ್ಲಿದೆ, ಯಾವ ವಾಸನೆ, ಯಾವಾಗ ಹೂ ಬಿಡುತ್ತದೆ. ಕೊಯ್ಲಿಗೆ ಬಿಡುವಾಗ ಟೊಂಗೆ ಕಡಿಯಬಾರದು, ಮರಕ್ಕೊಂದು ಟೊಂಗೆ ಹಣ್ಣಿಗೆ ಬಿಡಬೇಕು ಎಂಬ ಷರತ್ತು ಹಾಕಲಿ. ಮಿಡಿ ಕೊಳ್ಳುವ ನಾವೂ ಕೇಳೋಣ, ಕೊಯ್ದು ತಂದದ್ದೋ ಕಡಿದು ತಂದದ್ದೋ ಅಂತ.

ಹೋದ ವರ್ಷ ಆ ಮರದಡಿ ಕೊಯ್ಲಿಗೆ ತಪ್ಪಿ ಹಣ್ಣಾಗಿ ಬಿದ್ದಿದ್ದ ಏಳು ಓಟೆ ತಂದು ಹಿತ್ತಲಲ್ಲಿ ಹಾಕಿದ್ದೆ. ನಾಲ್ಕು ಎದ್ದಿವೆ. ಎಲೆ ಉಜ್ಜಿದರೆ ಒಂದರಲ್ಲಿ ಮಾತ್ರ ಜೀರಿಗೆ ವಾಸನೆ ಇದೆ. ಮಳೆ ಹಿಡಿದ ಮೇಲೆ ನಾಲ್ಕನ್ನೂ ಹೊಳೆ ದಂಡೆಗೇ ಒಯ್ದು ನೆಡುತ್ತೇನೆ.

ಇಂತಿ,
ಓದುಗಿ, ಸಿದ್ದಾಪುರ, ಉತ್ತರ ಕನ್ನಡ