ಭಾವನ ಮಡಿಲಲ್ಲಿದ್ದ ಕಾಲು

ಕಾಲಿನ ಆಪರೇಷನ್ ಆಗಿ ನಿನ್ನೆಗೆ ಒಂದು ವರ್ಷ. ನಿನ್ನೆ ಬೆಳಿಗ್ಗೆ ಭಾವನ ಅಂಗಡಿಯವರೆಗೆ ಎಲ್ಲೂ ನಿಲ್ಲದೆ ನಡೆದೆ. ಹಿಂದೆ ಇದೇ ದಾರಿಯಲ್ಲಿ ಮೂರು ಕಡೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದೆ. ನಿಂತರೆ ನೋವು ಇಳಿಯುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ವಾಯು ಅಂತ ಎಣ್ಣೆ ತಿಕ್ಕಿಕೊಂಡೇ ಎರಡು ವರ್ಷ ಕಳೆದೆ. ಅದು ವಾಯುವಲ್ಲ, ಕಾಲಿಗೆ ರಕ್ತ ಒಯ್ಯುವ ನಾಳವೇ ಕಟ್ಟಿಕೊಂಡಿತ್ತು; ಕೊನೆಗೆ ಆಪರೇಷನ್ನಿಗೆ ಬಂತು.

ರಕ್ತ ಕೊಟ್ಟ ಗೆಳೆಯರಿಗೆ, ಊಟ ಕಳಿಸಿದ ಪಕ್ಕದ ಮನೆಯವರಿಗೆ, ನನ್ನ ಕೆಲಸವನ್ನೂ ಹೊತ್ತ ಸಹೋದ್ಯೋಗಿಗಳಿಗೆ, ಡಾಕ್ಟರಿಗೆ, ಸಿಸ್ಟರುಗಳಿಗೆ ಕೈಮುಗಿಯುತ್ತೇನೆ.

ಭಾವನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ಆಪರೇಷನ್ನಿನ ಹಿಂದಿನ ರಾತ್ರಿ. ಮಲಗಿದರೆ ಪಾದಕ್ಕೆ ರಕ್ತ ಇಳಿಯದೆ ಬೆಂಕಿ ಇಟ್ಟಂತೆ ಉರಿ. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸ್ವಲ್ಪ ತಡೆಯಬಹುದಿತ್ತು. ಭಾವ ನೆಲದ ಮೇಲೆ ಕೂತು, ಇಳಿಬಿಟ್ಟ ಆ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡರು. ಅಕ್ಕ ಬಿಸಿನೀರಿನ ಚೀಲ ತಂದಳು. "ಬೇಡ, ಮರಗಟ್ಟಿದ ಕಾಲು, ಸುಟ್ಟರೂ ಅವನಿಗೆ ಗೊತ್ತಾಗಲ್ಲ ಅಂತ ಸಿಸ್ಟರ್ ಹೇಳಿದಾರೆ" ಅಂದು ತಮ್ಮ ಪಂಚೆಯಲ್ಲೇ ಸುತ್ತಿಕೊಂಡರು.

ಎರಡು ಗಂಟೆ ಹೊತ್ತಿಗೆ ನಾನು ಸೋತುಹೋದೆ. "ಕತ್ತರಿಸಿಬಿಡಲಿ ಭಾವ, ಸಾಕು" ಅಂದೆ. ಹೆಂಡತಿ ಮಕ್ಕಳ ಮುಂದೆ ಆಡದ ಮಾತು. "ಸುಮ್ನಿರು, ಬೆಳಗಾಗ್ಲಿ" ಅಂದರು. ಬೆಳಗಾಗುವವರೆಗೆ ಇನ್ನೊಂದು ಮಾತಾಡಲಿಲ್ಲ, ಪಾದವನ್ನೂ ಬಿಡಲಿಲ್ಲ. ಅರವತ್ತೇಳು ವರ್ಷದ ಅವರಿಗೆ ಮಂಡಿ ನೋವಿದೆ. ಬೆಳಿಗ್ಗೆ ಏಳಲಾಗದೆ, ವಾರ್ಡಿನ ಆಯಾ ಕೈಹಿಡಿದು ಎಬ್ಬಿಸಿದರು. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ನನ್ನದೇ ತೊಡೆಯ ರಕ್ತನಾಳ ತೆಗೆದು, ಅದರೊಳಗಿನ ಕವಾಟಗಳು ರಕ್ತಕ್ಕೆ ಅಡ್ಡವಾಗದಂತೆ ತಲೆಕೆಳಗು ಮಾಡಿ, ಕಟ್ಟಿದ ನಾಳಕ್ಕೆ ಬದಲು ದಾರಿಯಾಗಿ ಹೊಲಿದರಂತೆ. ಆಮೇಲೆ ಪಾದದ ಮೇಲೆ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ಇಟ್ಟಾಗ ಸುಯ್, ಸುಯ್ ಅಂತ ಸದ್ದು ಬಂತು. ಭಾವ ಬಗ್ಗಿ ಕೇಳಿಸಿಕೊಂಡು ಹೊರಗೆ ಹೋದರು. ಅತ್ತರು ಅಂತ ಅಕ್ಕ ಎಷ್ಟೋ ದಿನದ ಮೇಲೆ ಹೇಳಿದಳು. ಎರಡು ಬೆರಳು ಹೋದವು, ಕಾಲು ಉಳಿಯಿತು. ಕಣಕಾಲಿನ ಬಿಪಿ ತೋಳಿನದರಷ್ಟೇ ಇದ್ದರೆ 1 ಅಂತ ಲೆಕ್ಕ; ನನ್ನದು ಆಪರೇಷನ್ನಿಗೆ ಮುಂಚೆ 0.35 ಇತ್ತು, ಮೊನ್ನೆ 0.92.

ಮೂವತ್ತು ವರ್ಷ ನಾನು ಸಿಗರೇಟು ಕೊಂಡದ್ದು ಭಾವನ ಅಂಗಡಿಯಲ್ಲೇ. ನಾನು ಡಿಸ್ಚಾರ್ಜ್ ಆಗಿ ಬರುವಷ್ಟರಲ್ಲಿ ಬೀಡಿ, ಸಿಗರೇಟು ಎರಡನ್ನೂ ಅಂಗಡಿಯಿಂದ ತೆಗೆದಿದ್ದರು. ವ್ಯಾಪಾರ ಕಡಿಮೆಯಾದದ್ದು ನನಗೆ ಗೊತ್ತು. ಅವರು ಹೇಳಿಲ್ಲ.

ನಿನ್ನೆ ನಾನು ಬರುವುದನ್ನು ದೂರದಿಂದಲೇ ಕಂಡು, ಎಂದಿನಂತೆ ಸ್ಟೂಲ್ ಹೊರಗಿಟ್ಟರು. ನಿಂತುಕೊಂಡೇ ಮಾತಾಡಿ ಬಂದೆ.