ಹೊಸ ಜಾಕೆಟ್ ಬೇಡ, ಒಂದು ಜಿಪ್ ರನ್ನರ್ ತಾ

ಪ್ರಿಯ ಗೆಳೆಯಾ,

ಡಿಸೆಂಬರಿನಲ್ಲಿ ಊರಿಗೆ ಬರ್ತಿದ್ದೀನಿ, ನಿನಗೊಂದು ಹೊಸ ಪ್ಯಾಟಗೋನಿಯಾ ಜಾಕೆಟ್ ತರ್ತೀನಿ, ಆ ಹಳೇದನ್ನ ಇನ್ನಾದ್ರೂ ಬಿಸಾಕು ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಆದರೆ ತರಬೇಡ ಕಣೋ.

ಒಂಬತ್ತು ವರ್ಷದ ಹಿಂದೆ ನೀನೇ ತಂದುಕೊಟ್ಟದ್ದು ಅದು. ಎಡಗೈ ಮೊಣಕೈ ಹತ್ತಿರ ಹರಿದದ್ದು ರಾಮನಗರದ ಬಂಡೆಗೆ ನಾನು ಉಜ್ಜಿಕೊಂಡಿದ್ದರಿಂದ. ಅಲ್ಲಿಗೆ ಮಲ್ಲೇಶ್ವರದ ಟೈಲರ್ ಕಂದು ಬಣ್ಣದ ತೇಪೆ ಹಾಕಿ, ಸುತ್ತಲೂ ಎರಡು ಸಾಲು ಹೊಲಿಗೆ ಓಡಿಸಿದ್ದಾರೆ. ನೀಲಿ ಮೇಲೆ ಕಂದು, ನನಗಂತೂ ಚೆನ್ನಾಗೇ ಕಾಣುತ್ತದೆ. ಕುಮಾರಪರ್ವತದಲ್ಲಿ ಮಳೆ ಹಿಡಿದ ದಿನ ನೆನಪಿದೆಯಾ? ನಿನ್ನ ಕಾಟನ್ ಶರ್ಟು ಮೈಗೆ ಅಂಟಿಕೊಂಡು ನೀನು ನಡುಗುತ್ತಾ ಕೂತಿದ್ದೆ. ನಾನು ಇದನ್ನೇ ಹಿಂಡಿ, ಎರಡು ಸಲ ಕೊಡವಿ, ಮತ್ತೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಮೈ ಬೆಚ್ಚಗಾಯಿತು.

ಆ ಕಂಪನಿ ಬಗ್ಗೆ ಎಷ್ಟೋ ದಿನದಿಂದ ನಿನಗೆ ಹೇಳಬೇಕು ಅಂದುಕೊಂಡಿದ್ದೆ. ಜನ ಅದನ್ನ ದುಬಾರಿ ಜಾಕೆಟ್ಟಿನ ಕಂಪನಿ ಅಂತ ಮಾತ್ರ ತಿಳಿದಿದ್ದಾರೆ. ಆದರೆ ಅದು ಶುರುವಾದದ್ದು ಬಟ್ಟೆಯಿಂದಲ್ಲ, ಕುಲುಮೆಯಿಂದ.

ಅದನ್ನ ಕಟ್ಟಿದ ಇವೋನ್ ಶುನಾರ್ಡ್ ಹುಟ್ಟಿದ್ದು 1938ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಹದಿನಾಲ್ಕನೇ ವಯಸ್ಸಿಗೆ ಗಿಡುಗ ಸಾಕುವವರ ಗುಂಪಿಗೆ ಸೇರಿದ. ಕಡಿದಾದ ಬಂಡೆಗಳಲ್ಲಿ ಗಿಡುಗದ ಗೂಡು ಇರುತ್ತದಲ್ವಾ, ಅಲ್ಲಿಗೆ ಹಗ್ಗ ಹಿಡಿದು ಇಳಿಯುವುದನ್ನ ಕಲಿತ. ಇಳಿದವನಿಗೆ ಹತ್ತುವ ಹುಚ್ಚೂ ಹಿಡಿಯಿತು. ಆಗ ಬಂಡೆ ಹತ್ತುವವರು ಸೀಳಿನೊಳಗೆ ಪಿಟಾನ್ ಅನ್ನೋ ಕಬ್ಬಿಣದ ಮೊಳೆ ಬಡಿದು ಅದಕ್ಕೆ ಹಗ್ಗ ಸಿಕ್ಕಿಸುತ್ತಿದ್ದರು. ಯುರೋಪಿನಿಂದ ಬರುತ್ತಿದ್ದವು ಮೆದು ಕಬ್ಬಿಣದವು, ಒಮ್ಮೆ ಬಡಿದರೆ ಅಲ್ಲೇ ಬಿಟ್ಟು ಹೋಗಬೇಕು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ದೊಡ್ಡ ಬಂಡೆಗಳಿಗೆ ನೂರಾರು ಬೇಕು. ಅಷ್ಟು ತರೋದು ಎಲ್ಲಿಂದ?

1957ರಲ್ಲಿ ಅವನು ಗುಜರಿಯಿಂದ ಒಂದು ಹಳೇ ಕಲ್ಲಿದ್ದಲ ಕುಲುಮೆ ತಂದ. ಸುತ್ತಿಗೆ, ಇಕ್ಕಳ ಹೊಂದಿಸಿಕೊಂಡು ಕಮ್ಮಾರಿಕೆ ತಾನಾಗಿಯೇ ಕಲಿತ. ಮೊದಲ ಪಿಟಾನ್‌ಗಳು ಕೊಯ್ಲು ಯಂತ್ರದ ಹಳೇ ಬ್ಲೇಡಿನಿಂದ ಆದವು. ಗಟ್ಟಿ ಉಕ್ಕು, ಬಡಿದು ಕೀಳಬಹುದು, ಮತ್ತೆ ಬಳಸಬಹುದು. ಗಂಟೆಗೆ ಎರಡು ಮಾಡುತ್ತಿದ್ದ, ಒಂದಕ್ಕೆ ಒಂದೂವರೆ ಡಾಲರ್. ಕಾರಿನ ಹಿಂದೆ ಸಾಮಾನು ತುಂಬಿಕೊಂಡು ಹತ್ತುವ ಜಾಗಗಳಿಗೇ ಹೋಗಿ ಮಾರುತ್ತಿದ್ದ. 1970ರ ಹೊತ್ತಿಗೆ ಬಂಡೆ ಹತ್ತುವ ಸಾಮಾನು ಮಾಡುವುದರಲ್ಲಿ ಅಮೆರಿಕದಲ್ಲೇ ದೊಡ್ಡ ಕಂಪನಿ ಅವನದು.

ನನಗೆ ಮುಖ್ಯ ಅನಿಸುವುದು ಇದರ ಮುಂದಿನದು. ಪಿಟಾನ್ ಗಟ್ಟಿಯಾದಷ್ಟೂ ಬಂಡೆಗೆ ಕಷ್ಟ. ಒಬ್ಬ ಬಡಿಯುತ್ತಾನೆ, ಕೀಳುತ್ತಾನೆ, ಮುಂದಿನವನು ಅದೇ ಸೀಳಿನಲ್ಲಿ ಮತ್ತೆ ಬಡಿಯುತ್ತಾನೆ. ಶುನಾರ್ಡ್ ಯೊಸೆಮಿಟಿಯ ಎಲ್ ಕ್ಯಾಪಿಟಾನ್ ಬಂಡೆಯ 'ನೋಸ್' ಅನ್ನೋ ದಾರಿಯನ್ನ ಹತ್ತಿ ಬಂದ. ಕೆಲವೇ ವರ್ಷದ ಹಿಂದೆ ಹೊಸದಾಗಿದ್ದ ಸೀಳುಗಳೆಲ್ಲ ಕಿತ್ತುಹೋಗಿದ್ದವು. ಹಾಳು ಮಾಡಿದ್ದು ತನ್ನದೇ ಸಾಮಾನು. ಅವನ ವ್ಯಾಪಾರದ ಬೆನ್ನೆಲುಬೇ ಆ ಪಿಟಾನ್. ಅವನು ಮತ್ತು ಪಾಲುದಾರ ಟಾಮ್ ಫ್ರಾಸ್ಟ್ ಕೂತು ಅದನ್ನೇ ನಿಲ್ಲಿಸುತ್ತಾ ಬರೋಣ ಅಂತ ತೀರ್ಮಾನ ಮಾಡಿದರು. ಬದಲಿಗೆ ಬಡಿಯದೆ ಸೀಳಿಗೆ ಸಿಕ್ಕಿಸುವ, ಚಾಕ್ ಅನ್ನೋ ಅಲ್ಯೂಮಿನಿಯಂ ಬೆಣೆಗಳು ಬಂದವು. 1972ರ ಕ್ಯಾಟಲಾಗಿನಲ್ಲಿ ಸುತ್ತಿಗೆ ಇಲ್ಲದೆ, ಬಂಡೆಗೆ ಗಾಯ ಮಾಡದೆ ಹತ್ತುವುದು ಹೇಗೆ ಅಂತ ಡಗ್ ರಾಬಿನ್ಸನ್ ಬರೆದ 14 ಪುಟದ ಲೇಖನ ಹಾಕಿದರು. ಕೆಲವೇ ತಿಂಗಳಲ್ಲಿ ಪಿಟಾನ್ ಕೇಳುವವರು ಕಮ್ಮಿಯಾದರು, ಚಾಕ್ ಮಾಡಿದಷ್ಟೂ ಸಾಲದಾಯಿತು.

ನೀನು ಚಾಕ್ ಕೈಯಲ್ಲಿ ಹಿಡಿದಿಲ್ಲ. ಬೆರಳ ತುದಿಯಷ್ಟು ಲೋಹದ ಬೆಣೆ, ಅದಕ್ಕೊಂದು ತಂತಿ. ಸೀಳು ಕೆಳಗೆ ಕಿರಿದಾಗುವ ಕಡೆ ಮೇಲಿನಿಂದ ಇಳಿಬಿಟ್ಟು ಒಮ್ಮೆ ಜಗ್ಗಿದರೆ 'ಟಕ್' ಅಂತ ಕೂರುತ್ತದೆ. ಆ ಸದ್ದು ಕೇಳಿದ ಮೇಲೇ ನನಗೆ ಧೈರ್ಯ. ಹಿಂದೆ ಬರುವವನು ಕೊಕ್ಕೆಯಿಂದ ಕೆಳಗಿನಿಂದ ಮೇಲಕ್ಕೆ ತಳ್ಳಿ ತೆಗೆಯುತ್ತಾನೆ. ಬಂಡೆ ಮೇಲೆ ಗುರುತೇ ಉಳಿಯೋದಿಲ್ಲ. ರಾಮನಗರದಲ್ಲಿ ಮೊದಲ ಸಲ ಹೀಗೆ ತೆಗೆದಾಗ ಆ ಸೀಳಿನೊಳಗೆ ಬೆರಳಾಡಿಸಿ ನೋಡಿದ್ದೆ. ಕೆರೆದದ್ದೂ ಇರಲಿಲ್ಲ.

ಶುನಾರ್ಡ್ ಬಟ್ಟೆ ವ್ಯಾಪಾರಕ್ಕೆ ಬಂದದ್ದು ಹೀಗೆ: 1970ರಲ್ಲಿ ಸ್ಕಾಟ್ಲೆಂಡಿಗೆ ಹೋದವನು ಒಂದು ರಗ್ಬಿ ಶರ್ಟ್ ತಂದ. ಕಾಲರ್ ದಪ್ಪ, ಹಾಗಾಗಿ ಸಾಮಾನಿನ ಪಟ್ಟಿ ಕುತ್ತಿಗೆಗೆ ಕೊರೆಯುತ್ತಿರಲಿಲ್ಲ. ಗೆಳೆಯರೆಲ್ಲ ಎಲ್ಲಿ ಸಿಗುತ್ತೆ ಅಂತ ಕೇಳತೊಡಗಿದರು. 1973ರಲ್ಲಿ ಬಟ್ಟೆಗೆ ಬೇರೆ ಹೆಸರು ಬೇಕಾದಾಗ ಪ್ಯಾಟಗೋನಿಯಾ ಅಂತ ಇಟ್ಟರು. ದಕ್ಷಿಣ ಅಮೆರಿಕದ ತುದಿಯ ಸೀಮೆ ಅದು. 1968ರಲ್ಲಿ ಗೆಳೆಯರ ಜೊತೆ ವ್ಯಾನಿನಲ್ಲಿ ಅಷ್ಟು ದೂರ ಹೋಗಿ ಫಿಟ್ಜ್ ರಾಯ್ ಬೆಟ್ಟ ಹತ್ತಿದ್ದ. ಈ ಜಾಕೆಟ್ಟಿನ ಲೇಬಲ್ ಮೇಲಿರುವ ಚೂಪು ಶಿಖರಗಳ ಸಾಲು ಅದೇ ನೋಡು.

ಆಮೇಲಿನದು ನಿನಗೆ ಸ್ವಲ್ಪ ಗೊತ್ತಿರಬಹುದು. ಉಣ್ಣೆಯಂತೆ ಬೆಚ್ಚಗಿದ್ದು ನೀರು ಹೀರದ ಫ್ಲೀಸ್ ಬಂತು, 1993ರಿಂದ ಹಳೇ ಸೋಡಾ ಬಾಟಲಿ ಕರಗಿಸಿ ಅದರ ನೂಲಿನಿಂದಲೂ ಮಾಡತೊಡಗಿದರು. 1996ರ ಹೊತ್ತಿಗೆ ಹತ್ತಿಯನ್ನೆಲ್ಲ ಸಾವಯವ ಮಾಡಿದರು. ಹಾವೇರಿ ಕಡೆ ಹತ್ತಿ ಹೊಲದಲ್ಲಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯುವವರನ್ನ ನೋಡಿದ ನಮಗೆ ಅದು ಸಣ್ಣ ಮಾತಲ್ಲ.

2011ರ ಬ್ಲ್ಯಾಕ್ ಫ್ರೈಡೇ ದಿನ, ಅಂದರೆ ಅಮೆರಿಕದಲ್ಲಿ ರಿಯಾಯಿತಿ ಮಾರಾಟಕ್ಕೆ ಜನ ಮುಗಿಬೀಳುವ ದಿನ, ನ್ಯೂಯಾರ್ಕ್ ಟೈಮ್ಸಿನಲ್ಲಿ ತಮ್ಮದೇ ಜಾಕೆಟ್ಟಿನ ಚಿತ್ರ ಹಾಕಿ 'ಈ ಜಾಕೆಟ್ ಕೊಳ್ಳಬೇಡಿ' ಅಂತ ಜಾಹೀರಾತು ಕೊಟ್ಟರು. ಇದೊಂದು ಜಾಕೆಟ್ ಮಾಡೋದಕ್ಕೆ 135 ಲೀಟರ್ ನೀರು ಬೇಕು ಅಂತ ತಾವೇ ಬರೆದರು. ಆಮೇಲೆ ಅವರ ಮಾರಾಟ ಏರಿತು, ಅದಕ್ಕೇ ಇದೆಲ್ಲ ಗಿಮಿಕ್ಕು ಅನ್ನುವವರಿದ್ದಾರೆ. ಬೆಲೆ ಜಾಸ್ತಿ, ಫ್ಲೀಸ್ ಒಗೆದಾಗ ಪ್ಲಾಸ್ಟಿಕ್ ಎಳೆ ನೀರಿಗೆ ಹೋಗುತ್ತೆ, ಇವೂ ನಿಜ. ನಾನು ಒಪ್ಪುತ್ತೇನೆ. ಆದರೂ ಆ ಜಾಹೀರಾತನ್ನ ನಾನು ನಂಬುತ್ತೇನೆ, ಯಾಕೆಂದರೆ ಅದಕ್ಕೂ ನಾಲ್ಕು ದಶಕ ಮೊದಲೇ, ಯಾರೂ ನೋಡುತ್ತಿಲ್ಲದಾಗ, ಆ ಮನುಷ್ಯ ಅನ್ನ ಕೊಡುತ್ತಿದ್ದ ಪಿಟಾನನ್ನೇ ಬಿಟ್ಟಿದ್ದ. 2022ರಲ್ಲಿ ಸುಮಾರು 300 ಕೋಟಿ ಡಾಲರ್ ಬೆಲೆಯ ಕಂಪನಿಯನ್ನ ಹೆಂಡತಿ ಮಕ್ಕಳೊಂದಿಗೆ ಸೇರಿ ಒಂದು ಟ್ರಸ್ಟಿಗೂ ಪರಿಸರದ ಕೆಲಸ ಮಾಡುವ ಸಂಸ್ಥೆಗೂ ಬಿಟ್ಟುಕೊಟ್ಟ ಸುದ್ದಿ ಬಂದಾಗ ನನಗೆ ಆಶ್ಚರ್ಯ ಆಗಲಿಲ್ಲ.

ಅದಕ್ಕೇ ಹೊಸದು ಬೇಡ ಅಂದಿದ್ದು. ಈಗ ಇದರಲ್ಲಿ ಕೆಟ್ಟಿರೋದು ಜಿಪ್ಪಿನ ರನ್ನರ್ ಒಂದೇ. ಹೋದ ತಿಂಗಳು ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕ್ಯಾರಾಬೀನರ್, ಅದಕ್ಕೆ ಸಿಕ್ಕಿಕೊಂಡಿದ್ದಾಗ ನಾನೇ ಜೋರಾಗಿ ಎಳೆದು ಬಗ್ಗಿಸಿದೆ. ಹಲ್ಲೆಲ್ಲ ಸರಿಯಾಗಿದೆ. ರನ್ನರಿನ ಹಿಂದೆ 5 ಅಂತ ಅಚ್ಚಿದೆ, ಅದೇ ಅಳತೆಯದು, ಪ್ಲಾಸ್ಟಿಕ್ ಹಲ್ಲಿಗೆ ಆಗುವಂಥದ್ದು ಅಲ್ಲಿ ಸಿಕ್ಕರೆ ಒಂದು ತಾ. ಇಲ್ಲಿ ಚಿಕ್ಕಪೇಟೆಯಲ್ಲೂ ಹುಡುಕುತ್ತೇನೆ. ಬಂದ ಮೇಲೆ ಒಂದು ಭಾನುವಾರ ಬೆಳಗ್ಗೆ ಬೇಗ ಎದ್ದು ರಾಮನಗರಕ್ಕೆ ಹೋಗೋಣ, ಈ ಸಲ ಚಾಕ್ ನೀನೇ ಕೂರಿಸು.

ನಿನ್ನ ಗೆಳೆಯ